ಆರೈಕೆಯ ಕೈ: ಮನೆಯವರಿಗೆ ಮಾಲೀಸು ಮಾಡುವ ಸಮಗ್ರ ಮಾರ್ಗದರ್ಶಿ

ಹತ್ತಿರದವರು ಬೆನ್ನು ನೋವೆಂದಾಗ ನಮ್ಮ ಕೈ ತಾನಾಗಿ ಅವರ ಹೆಗಲಿಗೆ ಹೋಗುತ್ತದೆ. ಎರಡು ನಿಮಿಷ ಹಿಚುಕುತ್ತೇವೆ, ಹೆಬ್ಬೆರಳು ನೋಯತೊಡಗಿದ ಕೂಡಲೇ ನಿಲ್ಲಿಸುತ್ತೇವೆ. ಆ ಎರಡು ನಿಮಿಷವನ್ನು ಇಪ್ಪತ್ತು ನಿಮಿಷದ ನಿಜವಾದ ಆರಾಮವಾಗಿ ಬೆಳೆಸುವುದು ಹೇಗೆ, ಯಾರಿಗೆ ಮಾಲೀಸು ಮಾಡಬಾರದು, ಶಿಶುವಿಗೆ ಮತ್ತು ಹಾಸಿಗೆ ಹಿಡಿದವರಿಗೆ ಮಾಡುವಾಗ ಕ್ರಮ ಹೇಗೆ ಬದಲಾಗಬೇಕು ಎಂಬುದನ್ನು ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ. ಇದು ವೃತ್ತಿಪರರಿಗಲ್ಲ, ಮನೆಯಲ್ಲಿ ಒಬ್ಬರನ್ನೊಬ್ಬರು ನೋಡಿಕೊಳ್ಳುವವರಿಗೆ.

ನಾನು ಇದನ್ನು ಕಲಿತದ್ದು ಹಾಸಿಗೆ ಹಿಡಿದಿದ್ದ ನನ್ನ ತಾಯಿಯ ಶುಶ್ರೂಷೆ ಮಾಡುತ್ತ. ಮೊದಲ ಕೆಲವು ವಾರ ನಾನು ಅವರ ಕಾಲುಗಳನ್ನು ಬೇಗ ಬೇಗ, ಬಲ ಹಾಕಿ ತಿಕ್ಕುತ್ತಿದ್ದೆ. ಹೆಚ್ಚು ಶ್ರಮಪಟ್ಟಷ್ಟೂ ಹೆಚ್ಚು ಗುಣವೆಂದು ನಂಬಿದ್ದೆ. ನೋಡಲು ಬಂದ ದಾದಿಯೊಬ್ಬರು, ನಾನು ಕೈಯಿಟ್ಟಾಗಲೆಲ್ಲ ತಾಯಿ ಪಾದವನ್ನು ತುಸುವೇ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಾರೆಂದು ತೋರಿಸಿಕೊಟ್ಟರು. ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ಈ ಬರಹದಲ್ಲಿರುವ ಎಲ್ಲ ತಂತ್ರಗಳಿಗಿಂತ ಮೊದಲು ಕಲಿಯಬೇಕಾದದ್ದು ಅದನ್ನೇ: ನಮ್ಮ ಕೈಯ ಕೆಳಗಿರುವ ದೇಹ ಕೊಡುವ ಉತ್ತರವನ್ನು ಗಮನಿಸಿ, ಅದಕ್ಕೆ ತಕ್ಕಂತೆ ಕೈಯನ್ನು ನಿಧಾನಗೊಳಿಸುವುದು.

ನಿಧಾನವೇ ಏಕೆ ಮುಖ್ಯ

ಚರ್ಮದಲ್ಲಿ ಸ್ಪರ್ಶವನ್ನು ಮೆದುಳಿಗೆ ತಿಳಿಸುವ ಎರಡು ಬಗೆಯ ನರತಂತುಗಳಿವೆ. ಒಂದು ಬಗೆಯವು ಬಹಳ ವೇಗದವು. ಏನು ತಾಗಿತು, ಎಲ್ಲಿ ತಾಗಿತು, ಒರಟೋ ನುಣುಪೋ ಎಂಬುದನ್ನು ಅವು ಕ್ಷಣಮಾತ್ರದಲ್ಲಿ ಮೆದುಳಿಗೆ ಮುಟ್ಟಿಸುತ್ತವೆ. ಇನ್ನೊಂದು ಬಗೆಯ ತೆಳು ತಂತುಗಳು ಸೆಕೆಂಡಿಗೆ ಸುಮಾರು ಒಂದು ಮೀಟರಿನಷ್ಟು ಮಂದಗತಿಯಲ್ಲಿ ಸಂದೇಶ ಒಯ್ಯುತ್ತವೆ. ಸ್ವೀಡನ್ನಿನ ವಿಜ್ಞಾನಿ ಇಂಗ್ವೆ ಸೋಟರ್‌ಮನ್ ಇವುಗಳನ್ನು 1939ರಲ್ಲಿ ಬೆಕ್ಕುಗಳಲ್ಲಿ ಗುರುತಿಸಿದ್ದರು. ಮನುಷ್ಯರಲ್ಲಿಯೂ ಇವೆ ಎಂಬುದು ಖಚಿತವಾಗಲು ಅರ್ಧ ಶತಮಾನ ಬೇಕಾಯಿತು. ಸಿ-ಟ್ಯಾಕ್ಟೈಲ್ ಎಂದು ಕರೆಯುವ ಈ ತಂತುಗಳು ತೋಳು, ಬೆನ್ನು, ತೊಡೆ, ಮುಖದಂಥ ಕೂದಲಿರುವ ಚರ್ಮದಲ್ಲಿ ಹರಡಿಕೊಂಡಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ, ಚರ್ಮದಷ್ಟೇ ಬೆಚ್ಚಗಿರುವ ಏನಾದರೂ ಮೆಲ್ಲಗೆ ಸವರಿದಾಗ ಇವು ಅತಿ ಹೆಚ್ಚು ಸ್ಪಂದಿಸುತ್ತವೆ. ಅದಕ್ಕಿಂತ ವೇಗವಾದರೂ ಸ್ಪಂದನೆ ಕುಗ್ಗುತ್ತದೆ, ತೀರ ನಿಧಾನವಾದರೂ ಕುಗ್ಗುತ್ತದೆ. ಇವುಗಳ ಸಂದೇಶ ಮೆದುಳಿನಲ್ಲಿ ಭಾವನೆ ಮತ್ತು ದೇಹದ ಒಳಸ್ಥಿತಿಗೆ ಸಂಬಂಧಿಸಿದ ಇನ್ಸುಲಾ ಎಂಬ ಭಾಗವನ್ನು ತಲುಪುತ್ತದೆ. ತಾಯಿಯೊಬ್ಬಳು ಯಾರೂ ಹೇಳಿಕೊಡದೆಯೇ ಮಗುವಿನ ಬೆನ್ನು ಸವರುವ ವೇಗ ಸರಿಯಾಗಿ ಈ ಮಿತಿಯೊಳಗೇ ಇರುತ್ತದೆ ಎಂಬುದು ನನಗೆ ಈಗಲೂ ಅಚ್ಚರಿಯ ಸಂಗತಿ.

ಇದನ್ನು ಲೆಕ್ಕಕ್ಕೆ ಇಳಿಸಿಕೊಳ್ಳುವುದು ಸುಲಭ. ವಯಸ್ಕರ ಸೊಂಟದಿಂದ ಹೆಗಲಿನವರೆಗೆ ಸುಮಾರು 45 ಸೆಂಟಿಮೀಟರ್ ಇರುತ್ತದೆ. ಮನಸ್ಸಿನಲ್ಲಿ ಒಂದರಿಂದ ಹತ್ತರವರೆಗೆ ಸಾವಕಾಶವಾಗಿ ಎಣಿಸುತ್ತ ಆ ದೂರವನ್ನು ಸವರಿದರೆ ವೇಗ ಸರಿಯಾಗಿರುತ್ತದೆ. ಮೊದಮೊದಲು ಇದು ಅತಿ ನಿಧಾನವೆನಿಸುತ್ತದೆ. ಮಾಡುವವರಿಗೆ ಹಾಗೆನಿಸಿದರೂ ಮಾಡಿಸಿಕೊಳ್ಳುವವರಿಗೆ ಹಾಗೆನಿಸುವುದಿಲ್ಲ.

ನೋವಿನ ವಿಷಯದಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ. ಮೊಣಕೈ ಗೋಡೆಗೆ ಬಡಿದಾಗ ನಾವು ಕೂಡಲೇ ಆ ಜಾಗವನ್ನು ಉಜ್ಜಿಕೊಳ್ಳುತ್ತೇವಲ್ಲವೇ? ಸ್ಪರ್ಶದ ಸಂದೇಶಗಳು ಬೆನ್ನುಹುರಿಯ ಮಟ್ಟದಲ್ಲಿ ನೋವಿನ ಸಂದೇಶಗಳಿಗೆ ಅಡ್ಡ ಬಂದು ಅವುಗಳ ಹಾದಿಯನ್ನು ಭಾಗಶಃ ಮುಚ್ಚುತ್ತವೆ ಎಂದು ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ವಿವರಿಸಿದರು. ಆ ವಿವರಣೆಯ ಸೂಕ್ಷ್ಮಗಳನ್ನು ಆಮೇಲೆ ತಿದ್ದಲಾಗಿದೆಯಾದರೂ ಅದರ ತಿರುಳು ಉಳಿದುಕೊಂಡಿದೆ.

ಎಷ್ಟು ನಿರೀಕ್ಷಿಸಬಹುದು

ಮಾಲೀಸಿನ ಬಗ್ಗೆ ಹೇಳಲಾಗುವ ಎಲ್ಲವೂ ನಿಜವಲ್ಲ. ದೇಹದ ವಿಷವನ್ನು ಅದು ಹೊರಹಾಕುವುದಿಲ್ಲ. ಆ ಕೆಲಸ ಯಕೃತ್ತು ಮತ್ತು ಮೂತ್ರಪಿಂಡಗಳದ್ದು. ವ್ಯಾಯಾಮದ ನಂತರ ಸ್ನಾಯುಗಳಲ್ಲಿರುವ ಲ್ಯಾಕ್ಟಿಕ್ ಆಮ್ಲವನ್ನೂ ಅದು ತೊಳೆದುಬಿಡುವುದಿಲ್ಲ. 2012ರಲ್ಲಿ ಕೆನಡಾದ ಸಂಶೋಧಕರು, ದಣಿಯುವಷ್ಟು ಸೈಕಲ್ ತುಳಿದ ಯುವಕರ ಒಂದು ಕಾಲಿಗೆ ಮಾತ್ರ ಹತ್ತು ನಿಮಿಷ ಮಾಲೀಸು ಮಾಡಿ, ಎರಡೂ ಕಾಲುಗಳ ಸ್ನಾಯುವಿನ ಸಣ್ಣ ಚೂರನ್ನು ಪರೀಕ್ಷಿಸಿದರು. ಲ್ಯಾಕ್ಟಿಕ್ ಆಮ್ಲದ ಪ್ರಮಾಣದಲ್ಲಿ ವ್ಯತ್ಯಾಸವಿರಲಿಲ್ಲ. ಆದರೆ ಮಾಲೀಸು ಮಾಡಿದ ಕಾಲಿನಲ್ಲಿ ಉರಿಯೂತದ ಸಂಕೇತಗಳು ತಗ್ಗಿದ್ದವು. ಪ್ರಯೋಜನವಿತ್ತು, ಜನ ಹೇಳುವ ಕಾರಣ ಮಾತ್ರ ತಪ್ಪಾಗಿತ್ತು.

ಗಟ್ಟಿಯಾದ ಆಧಾರವಿರುವುದು ಆತಂಕ, ಖಿನ್ನತೆಯ ಮನಸ್ಥಿತಿ ಮತ್ತು ನೋವುಗಳ ತಗ್ಗುವಿಕೆಗೆ. 2024ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆ 137 ಅಧ್ಯಯನಗಳನ್ನು, ಅಂದರೆ ಸುಮಾರು 13,000 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿ ಈ ಮೂರರಲ್ಲಿಯೂ ಲಾಭವಿದೆಯೆಂದು ಕಂಡುಕೊಂಡಿತು. ಅದರಲ್ಲಿ ಮನೆಯವರು ನೆನಪಿಡಬೇಕಾದ ಎರಡು ಅಂಶಗಳಿವೆ. ಒಮ್ಮೆಗೆ ಎಷ್ಟು ಹೊತ್ತು ಎಂಬುದಕ್ಕಿಂತ ಎಷ್ಟು ಸಲ ಎಂಬುದು ಹೆಚ್ಚು ಮುಖ್ಯವಾಗಿತ್ತು. ವಯಸ್ಕರ ವಿಷಯದಲ್ಲಿ ಮುಟ್ಟಿದವರು ಪರಿಚಿತರೋ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರೋ ಎಂಬುದರಿಂದ ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ನವಜಾತ ಶಿಶುಗಳ ವಿಷಯದಲ್ಲಿ ಮಾತ್ರ ತಂದೆತಾಯಿಯರ ಸ್ಪರ್ಶವೇ ಮೇಲಾಗಿತ್ತು. ಯಂತ್ರ, ದಿಂಬು, ಭಾರದ ಹೊದಿಕೆಗಳಿಂದ ದೇಹಕ್ಕೆ ಉಪಯೋಗವಾದರೂ ಮನಸ್ಸಿಗೆ ಮನುಷ್ಯರ ಕೈಯಷ್ಟು ಉಪಯೋಗವಾಗಲಿಲ್ಲ.

ಬಹುಕಾಲದ ಕತ್ತು ನೋವಿಗೆ ಮಾತ್ರ ಲೆಕ್ಕ ಬೇರೆ. 2014ರ ಒಂದು ಪ್ರಯೋಗದಲ್ಲಿ ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ಒಂದು ಗಂಟೆಯಂತೆ ನಾಲ್ಕು ವಾರ ಮಾಲೀಸು ಪಡೆದವರಿಗೆ ಸ್ಪಷ್ಟ ಪ್ರಯೋಜನವಾಯಿತು. ಅರ್ಧ ಗಂಟೆಯ ಮಾಲೀಸು ಪಡೆದವರ ಸ್ಥಿತಿ ಏನೂ ಪಡೆಯದವರಿಗಿಂತ ಹೆಚ್ಚೇನೂ ಸುಧಾರಿಸಲಿಲ್ಲ. ನನ್ನ ಅಭಿಪ್ರಾಯದಲ್ಲಿ ಅಂಥ ನೋವಿರುವವರು ತರಬೇತಿ ಪಡೆದವರ ಬಳಿ ಹೋಗುವುದು ಒಳ್ಳೆಯದು. ಮನೆಯ ಕೈಗೆ ತಕ್ಕ ಕೆಲಸ ದಿನದ ದಣಿವು, ಬಿಗಿದ ಹೆಗಲು, ನಿದ್ದೆ ಬಾರದ ರಾತ್ರಿ, ಕಾಯಿಲೆಯ ಒಂಟಿತನ ಇವೇ.

ಮೊದಲು ನೋಡಬೇಕಾದದ್ದು: ಯಾವಾಗ ಮಾಡಬಾರದು

ಈ ಭಾಗವನ್ನು ದಯವಿಟ್ಟು ದಾಟಿಸಿ ಓದಬೇಡಿ. ಒಂದೇ ಕಾಲು ಊದಿಕೊಂಡು, ಬಿಸಿಯಾಗಿ, ಮೀನಖಂಡದಲ್ಲಿ ನೋವಿದ್ದರೆ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಶಸ್ತ್ರಚಿಕಿತ್ಸೆಯಾದ ಮೇಲೆ, ದೀರ್ಘ ಪ್ರಯಾಣದ ನಂತರ, ಹೆರಿಗೆಯಾದ ಹೊಸದರಲ್ಲಿ ಮತ್ತು ಬಹಳ ದಿನ ಮಲಗಿದ್ದವರಲ್ಲಿ ಇದರ ಸಾಧ್ಯತೆ ಹೆಚ್ಚು. ಅಂಥ ಕಾಲನ್ನು ನೀವಿದರೆ ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಅಪಾಯ ತರಬಹುದು. ಕೈ ಹಿಂತೆಗೆದು ಆ ದಿನವೇ ವೈದ್ಯರಿಗೆ ತೋರಿಸಬೇಕು.

ಜ್ವರವಿರುವಾಗ, ಚರ್ಮದಲ್ಲಿ ಸೋಂಕು, ಗಾಯ, ಸುಟ್ಟ ಜಾಗ ಅಥವಾ ಹರಡುವ ಬೊಕ್ಕೆಗಳಿರುವಾಗ, ಮೂಳೆ ಮುರಿದಿರುವ ಅನುಮಾನವಿರುವಾಗ, ಹೊಸ ಉಳುಕಿನ ಮೊದಲ ಎರಡು ಮೂರು ದಿನಗಳಲ್ಲಿ ಮಾಲೀಸು ಬೇಡ. ಉಬ್ಬಿ ತಿರುಚಿಕೊಂಡ ರಕ್ತನಾಳಗಳ ಮೇಲೆ ಒತ್ತಬಾರದು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರಿಗೆ, ಪ್ಲೇಟ್‌ಲೆಟ್ ಕಡಿಮೆಯಿರುವವರಿಗೆ ಮತ್ತು ಮೂಳೆ ಸವೆದವರಿಗೆ ಹಗುರವಾಗಿ ಸವರಬಹುದೇ ಹೊರತು ಆಳವಾಗಿ ಒತ್ತಬಾರದು. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರು ನೋಯುತ್ತಿದೆಯೆಂದು ಹೇಳಲಾರರು. ಅವರ ಪಾದಕ್ಕೆ ನಿಮ್ಮ ಕಣ್ಣೇ ಕಾವಲು. ಇನ್ಸುಲಿನ್ ಚುಚ್ಚಿದ ಜಾಗವನ್ನು ಉಜ್ಜಿದರೆ ಔಷಧ ಬೇಗನೆ ರಕ್ತಕ್ಕೆ ಸೇರಿ ಸಕ್ಕರೆ ಅಂಶ ಕುಸಿಯಬಹುದು; ನೋವಿನ ಔಷಧದ ಪಟ್ಟಿ ಅಂಟಿಸಿದ ಜಾಗಕ್ಕೂ ಇದೇ ಎಚ್ಚರಿಕೆ ಬೇಕು. ಕ್ಯಾನ್ಸರ್ ಇರುವವರಿಗೆ ಮೆಲುವಾದ ಸ್ಪರ್ಶದಿಂದ ಎಷ್ಟೋ ಸಮಾಧಾನ ಸಿಗುತ್ತದೆ, ರೋಗ ಹರಡುತ್ತದೆಂಬ ಭಯದಿಂದ ಅವರನ್ನು ಮುಟ್ಟದೆ ಬಿಡಬೇಕಾಗಿಲ್ಲ. ಆದರೆ ಗೆಡ್ಡೆಯಿರುವ ಜಾಗ, ವಿಕಿರಣ ಕೊಟ್ಟ ಚರ್ಮ, ಔಷಧ ಹಾಕುವ ಕೊಳವೆಯ ಸುತ್ತ ಮತ್ತು ಊತವಿರುವ ಕೈಕಾಲುಗಳನ್ನು ಬಿಟ್ಟು, ಚಿಕಿತ್ಸೆ ನೀಡುವ ವೈದ್ಯರನ್ನು ಕೇಳಿಯೇ ಮಾಡಬೇಕು. ಗರ್ಭಿಣಿಯರು ಐದನೆಯ ತಿಂಗಳ ನಂತರ ಅಂಗಾತ ಬಹಳ ಹೊತ್ತು ಮಲಗಬಾರದಾದ್ದರಿಂದ ಅವರನ್ನು ಪಕ್ಕಕ್ಕೆ ಮಲಗಿಸಿ ಮಾಡುವುದು ಸರಿ.

ಆರೋಗ್ಯವಂತರ ದೇಹದಲ್ಲಿಯೂ ಬಲ ಹಾಕಬಾರದ ಜಾಗಗಳಿವೆ: ಗಂಟಲಿನ ಮುಂಭಾಗ ಮತ್ತು ಕತ್ತಿನ ಎರಡು ಪಕ್ಕಗಳು, ಕಂಕುಳು, ಮೊಣಕೈಯ ಒಳಮಡಿಕೆ, ಮೊಣಕಾಲಿನ ಹಿಂದಿನ ಗುಳಿ, ತೊಡೆಸಂದು, ಕೊನೆಯ ಪಕ್ಕೆಲುಬಿನ ಕೆಳಗೆ ಮೂತ್ರಪಿಂಡಗಳಿರುವ ಭಾಗ, ಮತ್ತು ಬೆನ್ನುಮೂಳೆಯ ನೇರ ಮೇಲ್ಭಾಗ. ಕತ್ತನ್ನು ಥಟ್ಟನೆ ತಿರುಗಿಸಿ ನೆಟಿಕೆ ಮುರಿಯುವ ಅಭ್ಯಾಸವನ್ನು ಮನೆಯಲ್ಲಿ ಯಾರೂ ಮಾಡಬಾರದು. ಮೆದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆಗುವ ಸಾಧ್ಯತೆ ವಿರಳವಾದರೂ ನಿಜ.

ಒಪ್ಪಿಗೆ ಮತ್ತು ಸಿದ್ಧತೆ

ಕೇಳದೆ ಮುಟ್ಟಬಾರದು. ಗಂಡಹೆಂಡಿರ ನಡುವೆಯೂ, ತಾಯಿಮಕ್ಕಳ ನಡುವೆಯೂ ಈ ಮಾತು ಸಲ್ಲುತ್ತದೆ. "ಬೆನ್ನು ನೀವಲೇ? ಎಲ್ಲಿ ಬೇಡ?" ಎಂಬ ಎರಡು ಪ್ರಶ್ನೆಗಳು ಸಾಕು, ಎರಡನೆಯದು ಮೊದಲನೆಯದಕ್ಕಿಂತ ಮುಖ್ಯ, ಏಕೆಂದರೆ ಮುಟ್ಟಿಸಿಕೊಳ್ಳಲು ಇಷ್ಟವಿಲ್ಲದ ಜಾಗವನ್ನು ಜನ ತಾವಾಗಿ ಹೇಳುವುದು ಅಪರೂಪ. ಸ್ಪರ್ಶದಿಂದಲೇ ಹಿಂದೆ ನೊಂದವರಿರುತ್ತಾರೆ. ಅವರಿಗೆ ಅಂಗೈಯೊಂದನ್ನು ಹಿಡಿಯುವುದೂ ದೊಡ್ಡ ಹೆಜ್ಜೆ. ಬೇಡವೆಂದವರಿಗೆ ಕಾರಣ ಕೇಳಬೇಡಿ.

ಕೋಣೆ ಬೆಚ್ಚಗಿರಲಿ, ಗಾಳಿ ನೇರವಾಗಿ ಮೈಗೆ ಬೀಸದಿರಲಿ. ನೀವುತ್ತಿರುವ ಭಾಗವೊಂದನ್ನು ಬಿಟ್ಟು ಉಳಿದ ಮೈಯನ್ನು ಹೊದಿಕೆಯಿಂದ ಮುಚ್ಚಬೇಕು. ಚಳಿಯಾದ ಸ್ನಾಯು ಸಡಿಲವಾಗುವುದಿಲ್ಲ. ಉಗುರು ಕತ್ತರಿಸಿ, ಉಂಗುರ, ಬಳೆ, ಕೈಗಡಿಯಾರ ತೆಗೆದಿಟ್ಟು, ಕೈ ತೊಳೆದು, ಅಂಗೈಗಳನ್ನು ಒಂದಕ್ಕೊಂದು ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. ಮೆತ್ತನೆಯ ಹಾಸಿಗೆ ಒತ್ತಡವನ್ನು ನುಂಗಿಬಿಡುತ್ತದೆ, ನಿಮ್ಮ ಸೊಂಟವನ್ನೂ ನೋಯಿಸುತ್ತದೆ. ನೆಲದ ಮೇಲೆ ದಪ್ಪ ಕಂಬಳಿ ಹಾಸಿ ಮಾಡುವುದು ಮೇಲು.

ಎಣ್ಣೆಯ ಆಯ್ಕೆಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಎಣ್ಣೆಯ ಕೆಲಸ ಕೈ ಜಾರುವಂತೆ ಮಾಡುವುದು, ಅಷ್ಟೆ. ಸುಗಂಧವಿಲ್ಲದ, ಚರ್ಮಕ್ಕೆ ಒಗ್ಗುವ ಯಾವುದಾದರೂ ಎಣ್ಣೆಯನ್ನು ಹಿಂದಿನ ದಿನ ಮುಂಗೈಯ ಒಳಭಾಗಕ್ಕೆ ಒಂದು ತೊಟ್ಟು ಹಚ್ಚಿ, ಕೆಂಪಾಗದಿದ್ದರೆ ಬಳಸಿ. ಬೀಜಗಳ ಅಲರ್ಜಿಯಿದ್ದವರಿಗೆ ಅವುಗಳ ಎಣ್ಣೆ ಬೇಡ. ಎಣ್ಣೆಯನ್ನು ಮೈಮೇಲೆ ನೇರವಾಗಿ ಸುರಿಯದೆ ಮೊದಲು ನಿಮ್ಮ ಅಂಗೈಗೆ ಹಾಕಿಕೊಳ್ಳಿ. ಎಣ್ಣೆಗಾಲಿನಲ್ಲಿ ಜಾರಿ ಬೀಳುವುದು ವಯಸ್ಸಾದವರಿಗೆ ಕತ್ತು ನೋವಿಗಿಂತ ದೊಡ್ಡ ಅಪಾಯವಾದ್ದರಿಂದ, ಮುಗಿದ ಮೇಲೆ ಅವರ ಅಂಗಾಲನ್ನು ಒರೆಸುವುದನ್ನು ಮರೆಯಬೇಡಿ.

ನಾಲ್ಕು ಬಗೆಯ ಕೈಚಲನೆ

ಸವರುವುದು, ಹಿಚುಕುವುದು, ಒತ್ತುವುದು, ಸುಮ್ಮನೆ ಕೈಯಿಡುವುದು. ಮನೆಯ ಮಾಲೀಸಿಗೆ ಇಷ್ಟು ಸಾಕು. ತಟ್ಟುವುದು, ಬಡಿಯುವುದು ಕೆಲವರಿಗೆ ಇಷ್ಟವಾದರೂ ಅದು ದೇಹವನ್ನು ಎಬ್ಬಿಸುತ್ತದೆಯೇ ಹೊರತು ಮಲಗಿಸುವುದಿಲ್ಲ.

ಸವರುವಾಗ ಬೆರಳುಗಳ ತುದಿಯಲ್ಲ, ಇಡೀ ಅಂಗೈ ಚರ್ಮಕ್ಕೆ ಅಂಟಿಕೊಂಡಿರಬೇಕು. ಕೈಕಾಲುಗಳಲ್ಲಿ ಬಲ ಹಾಕುವುದು ಹೃದಯದ ಕಡೆಗೆ ಬರುವಾಗ ಮಾತ್ರ. ಹಿಂದಿರುಗುವಾಗ ಕೈ ಹಗುರವಾಗಿರಲಿ. ಹಿಚುಕುವಾಗ ಚರ್ಮವನ್ನು ಚಿವುಟದೆ, ಸ್ನಾಯುವನ್ನು ಅಂಗೈ ತುಂಬ ಹಿಡಿದು, ನಾದುವ ಹಾಗೆ ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸಬೇಕು. ಒತ್ತುವಾಗ ಬಲ ಬರಬೇಕಾದದ್ದು ತೋಳಿನಿಂದಲ್ಲ, ಮೈಭಾರದಿಂದ: ಮೊಣಕೈಯನ್ನು ನೇರವಾಗಿಟ್ಟು ಮುಂದಕ್ಕೆ ವಾಲಿದರೆ ಸಾಕು. ಹೆಬ್ಬೆರಳಿನಿಂದಲೇ ಎಲ್ಲವನ್ನೂ ಒತ್ತುವವರಿಗೆ ಕೆಲವೇ ದಿನಗಳಲ್ಲಿ ಹೆಬ್ಬೆರಳಿನ ಬುಡ ನೋಯತೊಡಗುತ್ತದೆ. ಅದರ ಬದಲು ಅಂಗೈಯ ಬುಡ, ಬೆರಳ ಗೆಣ್ಣುಗಳು ಮತ್ತು ಮುಂಗೈಯನ್ನು ಬಳಸಿ.

ಒತ್ತಡ ಎಷ್ಟಿರಬೇಕು? ಏನೂ ಅನಿಸದಿರುವುದನ್ನು ಸೊನ್ನೆ, ತಡೆಯಲಾರದ ನೋವನ್ನು ಹತ್ತು ಎಂದುಕೊಂಡರೆ ಐದನ್ನು ದಾಟಬಾರದು. ತೀರ ಹಗುರವಾದರೆ ಕಚಗುಳಿಯಾಗುತ್ತದೆ. ಉಸಿರು ಬಿಗಿಹಿಡಿಯುವುದು, ಕಾಲ್ಬೆರಳು ಮಡಚಿಕೊಳ್ಳುವುದು, ಹುಬ್ಬು ಗಂಟಿಕ್ಕುವುದು, ಮಾತು ಹಠಾತ್ತನೆ ನಿಲ್ಲುವುದು ಇವೆಲ್ಲ ಅತಿಯಾಯಿತೆಂಬ ಸೂಚನೆಗಳು. ಬಾಯಿ "ಪರವಾಗಿಲ್ಲ" ಎಂದರೂ ದೇಹದ ಮಾತನ್ನೇ ನಂಬಿ.

ಬೆನ್ನು: ಇಪ್ಪತ್ತು ನಿಮಿಷದ ಪೂರ್ಣ ಕ್ರಮ

ಹಂತ 1. ಬೋರಲಾಗಿ ಮಲಗಿಸಿ, ಕಣಕಾಲಿನ ಕೆಳಗೆ ಮತ್ತು ಬೇಕಿದ್ದರೆ ಹೊಟ್ಟೆಯ ಕೆಳಗೆ ತೆಳುವಾದ ದಿಂಬನ್ನಿಡಿ. ಬೋರಲು ಮಲಗಲಾರದವರನ್ನು ಕುರ್ಚಿಯಲ್ಲಿ ಕೂರಿಸಿ, ಮುಂದಿನ ಮೇಜಿನ ಮೇಲೆ ದಿಂಬಿಟ್ಟು ಅದಕ್ಕೆ ಒರಗಿಸಿಕೊಳ್ಳಬಹುದು.

ಹಂತ 2. ಹೊದಿಕೆಯ ಮೇಲಿನಿಂದಲೇ ಒಂದು ಅಂಗೈಯನ್ನು ಹೆಗಲುಗಳ ನಡುವೆ, ಇನ್ನೊಂದನ್ನು ಸೊಂಟದ ಮೇಲೆ ಇಟ್ಟು ಐದಾರು ಉಸಿರಿನಷ್ಟು ಹೊತ್ತು ಸುಮ್ಮನಿರಿ. ಇದನ್ನು ಬಿಟ್ಟುಬಿಡುವ ಆತುರ ಎಲ್ಲರಿಗೂ ಇರುತ್ತದೆ. ಬಿಡಬೇಡಿ. ಅವರ ಉಸಿರಿನ ಲಯ ನಿಮಗೆ ತಿಳಿಯುವುದು, ನಿಮ್ಮ ಕೈ ಅವರಿಗೆ ಪರಿಚಿತವಾಗುವುದು ಇಲ್ಲಿಯೇ.

ಹಂತ 3. ಬೆನ್ನಿನ ಹೊದಿಕೆ ಸರಿಸಿ, ಎಣ್ಣೆಗೈಗಳನ್ನು ಸೊಂಟದಲ್ಲಿ ಬೆನ್ನುಮೂಳೆಯ ಎರಡು ಬದಿಗಳಲ್ಲಿಟ್ಟು, ಹತ್ತು ಎಣಿಸುತ್ತ ಹೆಗಲಿನವರೆಗೆ ಸವರಿ, ಹೆಗಲನ್ನು ಬಳಸಿಕೊಂಡು ಪಕ್ಕೆಗಳ ಮೂಲಕ ಹಗುರವಾಗಿ ಇಳಿಯಿರಿ. ಎಂಟು ಹತ್ತು ಸಲ ಹೀಗೆ ಮಾಡಿ, ಪ್ರತಿ ಸಲವೂ ಒತ್ತಡವನ್ನು ಒಂದಿಷ್ಟೇ ಹೆಚ್ಚಿಸುತ್ತ ಬನ್ನಿ. ಮೂರನೆಯ ಸುತ್ತಿನ ಹೊತ್ತಿಗೆ ಎಲ್ಲಿ ಗಡಸು, ಎಲ್ಲಿ ಬಿಸಿ, ಯಾವ ಬದಿ ಬಿಗಿ ಎಂಬುದು ಅಂಗೈಗೆ ತಿಳಿಯುತ್ತದೆ.

ಹಂತ 4. ಈಗ ಎದುರು ಬದಿಯ ಸ್ನಾಯುಗಳನ್ನು ಸೊಂಟದಿಂದ ಹೆಗಲಿನವರೆಗೆ ನಿಧಾನವಾಗಿ ನಾದುತ್ತ ಹೋಗಿ. ನಂತರ ಜಾಗ ಬದಲಿಸಿ ಇನ್ನೊಂದು ಬದಿಗೆ ಮಾಡಿ. ಜಾಗ ಬದಲಿಸುವಾಗಲೂ ಒಂದು ಕೈ ಅವರ ಮೈಮೇಲೆಯೇ ಇರಲಿ. ಕೈ ಸಂಪೂರ್ಣ ಬಿಟ್ಟು ಮತ್ತೆ ತಾಗಿದರೆ ಮಲಗಿದವರು ಬೆಚ್ಚುತ್ತಾರೆ.

ಹಂತ 5. ಬೆನ್ನುಮೂಳೆಯಿಂದ ಎರಡು ಬೆರಳಿನಷ್ಟು ದೂರದಲ್ಲಿ, ಉದ್ದಕ್ಕೆ ಹಗ್ಗದಂತೆ ಸಿಗುವ ಸ್ನಾಯುವಿನ ಮೇಲೆ ಅಂಗೈಯ ಬುಡವನ್ನಿಟ್ಟು, ಅವರು ಉಸಿರು ಬಿಡುವಾಗ ಒತ್ತಿ, ಎಳೆದುಕೊಳ್ಳುವಾಗ ಸಡಿಲಿಸಿ. ಒಂದು ಅಂಗೈಯಷ್ಟು ಮೇಲಕ್ಕೆ ಸರಿದು ಮತ್ತೆ ಒತ್ತಿ. ಪಕ್ಕೆಲುಬು ಮುಗಿದು ಸೊಂಟ ಶುರುವಾಗುವ ನಡುವಿನ ಭಾಗದಲ್ಲಿ ಒತ್ತದೆ ಸವರಿ ದಾಟಿಬಿಡಿ.

ಹಂತ 6. ಹೆಚ್ಚು ಸಮಯ ಕೊಡಬೇಕಾದದ್ದು ಭುಜದ ಹಲಗೆಮೂಳೆಯ ಒಳ ಅಂಚಿಗೆ. ದಿನವಿಡೀ ಮುಂದಕ್ಕೆ ಬಾಗಿ ಕೆಲಸ ಮಾಡುವವರ ಗಂಟುಗಳೆಲ್ಲ ಅಲ್ಲಿ ಕೂಡಿರುತ್ತವೆ. ಗಂಟು ಸಿಕ್ಕರೆ ಅದನ್ನು ಗುದ್ದಿ ಒಡೆಯಲು ಹೋಗಬೇಡಿ. ಅದರ ಮೇಲೆ ಮೂರು ಬೆರಳುಗಳನ್ನಿಟ್ಟು ಹಿತವಾದಷ್ಟೇ ಒತ್ತಿ, ಇಪ್ಪತ್ತು ಮೂವತ್ತು ಸೆಕೆಂಡು ಕದಲದೆ ಹಿಡಿದುಕೊಳ್ಳಿ. ಸಾಮಾನ್ಯವಾಗಿ ಅದು ಬೆರಳಿನಡಿ ತುಸು ಮೆತ್ತಗಾಗುತ್ತದೆ. ಆಗದಿದ್ದರೆ ಬಿಟ್ಟು ಮುಂದೆ ಹೋಗಿ, ಎರಡು ದಿನ ಬಿಟ್ಟು ನೋಡಿ. ಒಂದೇ ಗಂಟನ್ನು ಹತ್ತು ನಿಮಿಷ ಅರೆದರೆ ಮರುದಿನ ಅಲ್ಲಿ ನೋವು ಹೆಚ್ಚಿರುತ್ತದೆ.

ಹಂತ 7. ಮತ್ತೆ ಹಂತ 3ರ ಸವರಿಕೆಗೆ ಮರಳಿ, ಈ ಸಲ ಒತ್ತಡವನ್ನು ಕಡಿಮೆ ಮಾಡುತ್ತ ಬನ್ನಿ. ಕೊನೆಗೆ ಹೊದಿಸಿ, ಆರಂಭದಲ್ಲಿಟ್ಟಂತೆಯೇ ಎರಡೂ ಕೈಯಿಟ್ಟು ಸ್ವಲ್ಪ ಹೊತ್ತು ನಿಂತು, ಕೈಯನ್ನು ಬಹಳ ಮೆಲ್ಲಗೆ ಎತ್ತಿ. ಅವರು ಥಟ್ಟನೆ ಎದ್ದು ನಿಲ್ಲಬಾರದು. ಹಿತವಾದ ಮಾಲೀಸಿನ ನಂತರ ರಕ್ತದೊತ್ತಡ ತಗ್ಗಿರುವುದರಿಂದ ತಲೆ ಸುತ್ತಬಹುದು.

ಕತ್ತು, ಹೆಗಲು, ಪಾದ

ಕುಳಿತವರ ಹಿಂದೆ ನಿಂತು, ಮುಂಗೈಗಳನ್ನು ಅವರ ಎರಡೂ ಹೆಗಲುಗಳ ಮೇಲೆ ಭಾರವಾಗಿ ಇಟ್ಟು ಮೂರು ಉಸಿರು ಕಾಯುವುದರಿಂದಲೇ ಅರ್ಧ ಕೆಲಸವಾಗುತ್ತದೆ. ಆಮೇಲೆ ಹೆಗಲಿನ ಸ್ನಾಯುವನ್ನು ಕತ್ತಿನ ಬುಡದಿಂದ ತೋಳಿನ ಕಡೆಗೆ ಹಿಚುಕುತ್ತ ಹೋಗಿ. ಕತ್ತಿಗೆ ಒಂದು ಕೈಯಿಂದ ಹಣೆಯನ್ನು ಆತುಕೊಂಡು, ಇನ್ನೊಂದು ಕೈಯಿಂದ ಹಿಂಗತ್ತನ್ನು ಮಾತ್ರ ಮೆಲ್ಲಗೆ ಹಿಡಿದು ಬಿಡಬೇಕು.

ಪಾದವನ್ನು ಎರಡೂ ಅಂಗೈಗಳ ನಡುವೆ ಹಿಡಿದು ಬೆಚ್ಚಗಾಗುವವರೆಗೆ ಕಾಯಿರಿ. ಅಂಗಾಲನ್ನು ಬೆರಳುಗಳ ಬುಡದಿಂದ ಹಿಮ್ಮಡಿಯ ಕಡೆಗೆ ಗೆಣ್ಣುಗಳಿಂದ ಒತ್ತಿ ಸವರಿ, ಪ್ರತಿ ಬೆರಳನ್ನೂ ಮೃದುವಾಗಿ ತಿರುಗಿಸಿ. ಅಂಗಾಲಿನ ಒಂದೊಂದು ಬಿಂದುವೂ ಒಂದೊಂದು ಒಳಅಂಗಕ್ಕೆ ಸೇರಿದ್ದೆಂಬ ನಕ್ಷೆಗಳಿಗೆ ಅಂಗರಚನೆಯ ಆಧಾರವಿಲ್ಲ. ಆದರೆ ಪಾದ ನೀವಿಸಿಕೊಂಡವರಿಗೆ ನಿದ್ದೆ ಹತ್ತುವುದಕ್ಕೆ ಆ ನಕ್ಷೆ ಬೇಕಾಗಿಯೂ ಇಲ್ಲ.

ಶಿಶುವಿಗೆ

ಅಮೆರಿಕದ ಮಯಾಮಿಯಲ್ಲಿ ಟಿಫನಿ ಫೀಲ್ಡ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ದಿನಕ್ಕೆ ಮೂರು ಸಲ 15 ನಿಮಿಷದಂತೆ ಹತ್ತು ದಿನ ಮಾಲೀಸು ಮಾಡಲಾಯಿತು. ಅವು ಉಳಿದ ಶಿಶುಗಳಿಗಿಂತ ಶೇ. 47ರಷ್ಟು ಹೆಚ್ಚು ತೂಕ ಗಳಿಸಿ, ಆರು ದಿನ ಮುಂಚೆ ಮನೆಗೆ ಹೋದವು. ಅದಕ್ಕೂ ಮುನ್ನ, 1978ರಲ್ಲಿ, ಕೊಲಂಬಿಯಾದ ಬೊಗೋಟಾದಲ್ಲಿ ಬೆಚ್ಚನೆಯ ಪೆಟ್ಟಿಗೆಗಳು ಸಾಲದೆ ವೈದ್ಯ ಎಡ್ಗರ್ ರೇ ಅವರು ಕಡಿಮೆ ತೂಕದ ಶಿಶುಗಳನ್ನು ತಾಯಂದಿರ ಎದೆಗೇ ಕಟ್ಟಿಸಿದರು. ಕಾಂಗರೂ ಆರೈಕೆ ಎಂದು ಹೆಸರಾದ ಆ ಕ್ರಮವನ್ನು ಹುಟ್ಟಿದ ಕೂಡಲೇ ಆರಂಭಿಸಿದರೆ ಏನಾಗುತ್ತದೆಂದು ಭಾರತವೂ ಸೇರಿ ಐದು ದೇಶಗಳಲ್ಲಿ ನಡೆಸಿದ, 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೊದಲ 28 ದಿನಗಳಲ್ಲಿ ಸಾಯುವ ಶಿಶುಗಳ ಪ್ರಮಾಣ ಶೇ. 15.7ರಿಂದ ಶೇ. 12ಕ್ಕೆ ಇಳಿಯಿತು. ಅವಧಿಗೆ ಮುನ್ನ ಅಥವಾ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವನ್ನು ದಿನಕ್ಕೆ 8ರಿಂದ 24 ಗಂಟೆ ಹೀಗೆ ಎದೆಗವಚಿಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬರಿಯ ಡೈಪರ್ ಮತ್ತು ಟೋಪಿ ಹಾಕಿದ ಮಗುವನ್ನು ಬರಿ ಎದೆಯ ಮೇಲೆ ನೆಟ್ಟಗೆ ಇಟ್ಟು, ಮೂಗುಬಾಯಿ ತೆರೆದಿರುವಂತೆ ಮುಖವನ್ನು ಒಂದು ಬದಿಗೆ ತಿರುಗಿಸಿ, ಬಟ್ಟೆಯಿಂದ ಬಿಗಿಯಬೇಕು. ತಂದೆಯೂ ಇದನ್ನು ಮಾಡಬಹುದು, ಮಾಡಬೇಕು. ಹಾಗೆ ಎತ್ತಿಕೊಂಡು ನಿದ್ದೆಗೆ ಜಾರುವಂತಿದ್ದರೆ ಇನ್ನೊಬ್ಬರು ಕಾವಲಿರಲಿ.

ತಿಂಗಳು ತುಂಬಿ ಹುಟ್ಟಿದ ಆರೋಗ್ಯವಂತ ಮಗುವಿಗೆ ಮಾಲೀಸು ಮಾಡಲು, ಹಾಲು ಕುಡಿದು ಮುಕ್ಕಾಲು ಗಂಟೆಯಾದ ಮೇಲೆ, ಮಗು ಎಚ್ಚರವಾಗಿ ಶಾಂತವಾಗಿರುವ ಹೊತ್ತನ್ನು ಆರಿಸಿಕೊಳ್ಳಿ. ಕಾಲಿನಿಂದ ಶುರುಮಾಡಿ, ಹೊಟ್ಟೆಯನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಸವರಿ, ಏಕೆಂದರೆ ದೊಡ್ಡ ಕರುಳು ಸಾಗುವ ದಿಕ್ಕೂ ಅದೇ. ಹೊಕ್ಕುಳು ಬೀಳುವವರೆಗೆ ಆ ಭಾಗವನ್ನು ಮುಟ್ಟಬೇಡಿ. ಕಿವಿ ಮೂಗುಗಳಿಗೆ ಎಣ್ಣೆ ಹಾಕುವುದು, ತಲೆಯನ್ನು ಒತ್ತಿ ಆಕಾರ ಕೊಡಲು ಹೋಗುವುದು, ಕೈಕಾಲು ಹಿಡಿದು ಜಗ್ಗುವುದು ಬೇಡವೇ ಬೇಡ. ಆಲಿವ್ ಎಣ್ಣೆ ಚರ್ಮದ ಹೊರಪದರದ ರಕ್ಷಣೆಯನ್ನು ಸಡಿಲಿಸಬಲ್ಲದಾದ್ದರಿಂದ ಎಳೆಯ ಚರ್ಮಕ್ಕೆ ಸೂರ್ಯಕಾಂತಿ ಎಣ್ಣೆ ವಾಸಿ. ಮಗು ಮುಖ ತಿರುಗಿಸಿದರೆ, ಬೆನ್ನು ಬಿಲ್ಲಾಗಿಸಿದರೆ, ಬೆರಳುಗಳನ್ನು ಅಗಲವಾಗಿ ಚಾಚಿದರೆ, ಬಿಕ್ಕಳಿಸತೊಡಗಿದರೆ ಅದಕ್ಕೆ ಸಾಕಾಗಿದೆ ಎಂದರ್ಥ. ಅಳುವವರೆಗೂ ಕಾಯಬೇಡಿ.

ಹಾಸಿಗೆ ಹಿಡಿದವರಿಗೆ

ಇಲ್ಲಿ ಒಳ್ಳೆಯ ಮನಸ್ಸಿನಿಂದಲೇ ನಡೆಯುವ ಒಂದು ದೊಡ್ಡ ತಪ್ಪಿದೆ. ಸೊಂಟದ ಕೆಳಮೂಳೆ, ಹಿಮ್ಮಡಿ, ತೊಡೆಯ ಪಕ್ಕದ ಮೂಳೆಗಳ ಮೇಲೆ ಚರ್ಮ ಕೆಂಪಾದರೆ, ರಕ್ತ ಹರಿಯಲಿ ಎಂದು ಅಲ್ಲಿ ಉಜ್ಜುತ್ತಾರೆ. ಅದು ಹಾಸಿಗೆ ಹುಣ್ಣಿನ ಆರಂಭ. ಒಳಗಿನ ಅಂಗಾಂಶ ಆಗಲೇ ಜಖಂಗೊಂಡಿರುವುದರಿಂದ ಉಜ್ಜಿದರೆ ಅದು ಇನ್ನಷ್ಟು ಹರಿಯುತ್ತದೆ. ಕೆಂಪಾದ ಜಾಗವನ್ನು ಬೆರಳಿನಿಂದ ಮೂರು ಸೆಕೆಂಡು ಒತ್ತಿ ಬಿಡಿ. ಒಂದು ಕ್ಷಣ ಬಿಳಿಚಿ ಮತ್ತೆ ಕೆಂಪಾದರೆ ಒತ್ತಡ ತಪ್ಪಿಸಿದರೆ ಸಾಕು. ಬಿಳಿಚದಿದ್ದರೆ ಹುಣ್ಣು ಶುರುವಾಗಿದೆ, ದಾದಿಗೆ ಅಥವಾ ವೈದ್ಯರಿಗೆ ತಿಳಿಸಬೇಕು. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣಿಸದು. ಸುತ್ತಲಿನ ಚರ್ಮಕ್ಕಿಂತ ಬಿಸಿ, ಗಡಸು ಅಥವಾ ನೋವು ಇದೆಯೇ ಎಂದು ಕೈಯಿಂದ ತಿಳಿಯಬೇಕು. ಪಕ್ಕ ಬದಲಿಸುವುದೇ ಅಲ್ಲಿನ ಚಿಕಿತ್ಸೆ, ಮಾಲೀಸಲ್ಲ.

ಇವರಿಗೆ ಅತ್ಯಂತ ಸುರಕ್ಷಿತವೂ ಅತ್ಯಂತ ಹಿತವೂ ಆದದ್ದು ಕೈಯ ಮಾಲೀಸು. ಕಣ್ಣಿಗೆ ಕಾಣುವಂತೆ ಎದುರಿಗೆ ಕುಳಿತು, ಹೆಸರು ಅಥವಾ ಸಂಬಂಧ ಹಿಡಿದು ಕರೆದು, "ಅಮ್ಮಾ, ಕೈ ನೀವುತ್ತೇನೆ" ಎಂದು ಹೇಳಿ ಮುಟ್ಟಿ. ಅವರ ಅಂಗೈಯನ್ನು ನಿಮ್ಮ ಎಡಗೈಯ ಮೇಲೆ ಇರಿಸಿಕೊಂಡು, ಬಲಗೈಯಿಂದ ಮಣಿಕಟ್ಟಿನಿಂದ ಮೊಣಕೈಯವರೆಗೆ ನಾಲ್ಕೈದು ಸಲ ಸವರಿ. ಹಿಂಗೈಯ ಮೂಳೆಗಳ ನಡುವಿನ ತೋಡುಗಳನ್ನು ಬೆರಳ ತುದಿಯಿಂದ ಮೆಲ್ಲಗೆ ಗೀರುತ್ತ ಬನ್ನಿ. ಅಂಗೈಯನ್ನು ಮೇಲ್ಮುಖ ಮಾಡಿ ಹೆಬ್ಬೆರಳಿನ ಬುಡದ ದಿಣ್ಣೆಯನ್ನು ಸುತ್ತುಸುತ್ತಾಗಿ ಒತ್ತಿ, ಬೆರಳುಗಳನ್ನು ಬುಡದಿಂದ ತುದಿಯವರೆಗೆ ಒಂದೊಂದಾಗಿ ಹಿಡಿದು ಜಾರಿಸಿ. ಒಂದು ಕೈಗೆ ಐದು ನಿಮಿಷ ಸಾಕು. ಇಳಿವಯಸ್ಸಿನ ಚರ್ಮ ಕಾಗದದಷ್ಟು ತೆಳುವಾಗಿರುತ್ತದೆ. ಎಳೆಯದೆ, ಎಣ್ಣೆ ತುಸು ಹೆಚ್ಚೇ ಬಳಸಿ. ಮರೆವಿನ ಕಾಯಿಲೆಯಿಂದ ಸಂಜೆಯ ಹೊತ್ತು ಕಳವಳಗೊಳ್ಳುವವರು ಇಂಥ ಹತ್ತು ನಿಮಿಷದ ಸ್ಪರ್ಶಕ್ಕೆ ಶಾಂತರಾಗುವುದುಂಟು. ಎಲ್ಲರೂ ಆಗುವುದಿಲ್ಲ, ಕೈ ಕೊಸರಿದರೆ ಬಿಟ್ಟು, ಅರ್ಧ ಗಂಟೆಯ ನಂತರ ಕೇಳಿ ನೋಡಿ.

ಎಷ್ಟು ಸಲ, ಮತ್ತು ಯಾರೂ ಇಲ್ಲದಿದ್ದರೆ

ವಾರಕ್ಕೊಮ್ಮೆ ಬೆನ್ನಿನ ಪೂರ್ಣ ಕ್ರಮ, ಉಳಿದ ದಿನಗಳಲ್ಲಿ ಐದು ನಿಮಿಷ ಹೆಗಲು ಅಥವಾ ಕೈ ಎಂಬುದು ಕೆಲಸಕ್ಕೆ ಹೋಗುವವರ ಮನೆಯಲ್ಲಿಯೂ ನಡೆಸಿಕೊಂಡು ಹೋಗಬಹುದಾದ ಲೆಕ್ಕ. ಮಾಡುವವರು ದಣಿದಿದ್ದರೆ ಅಥವಾ ಸಿಟ್ಟಾಗಿದ್ದರೆ ಆ ದಿನ ಬೇಡ. ಅದು ಕೈಯಲ್ಲಿ ತಿಳಿಯುತ್ತದೆ. ಮಾಡುವವರಿಗೂ ಯಾರಾದರೂ ಮಾಡಬೇಕು. ರೋಗಿಗಳ ಆರೈಕೆಯಲ್ಲಿ ತೊಡಗಿರುವ ಮನೆಯವರನ್ನು ತಿಂಗಳುಗಟ್ಟಲೆ ಒಬ್ಬರೂ ಮುಟ್ಟಿ ಸಮಾಧಾನ ಮಾಡಿರುವುದಿಲ್ಲ.

ಒಬ್ಬರೇ ಇರುವವರು ಒಂದು ಅಂಗೈಯನ್ನು ಎದೆಯ ಮೇಲೂ ಇನ್ನೊಂದನ್ನು ಹೊಟ್ಟೆಯ ಮೇಲೂ ಇಟ್ಟುಕೊಂಡು, ಅದರ ಬಿಸಿಯನ್ನು ಗಮನಿಸುತ್ತ ಇಪ್ಪತ್ತು ಸೆಕೆಂಡು ಉಸಿರಾಡಬಹುದು. ಇದು ಅಲ್ಪವೆನಿಸಿದರೂ, ಮಾನಸಿಕ ಒತ್ತಡದ ಪರೀಕ್ಷೆಗೆ ಮುನ್ನ ಹೀಗೆ ಮಾಡಿದವರಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನಿನ ಏರಿಕೆ ಕಡಿಮೆಯಿತ್ತೆಂದು 2021ರ ಒಂದು ಪ್ರಯೋಗದಲ್ಲಿ ಕಂಡುಬಂದಿದೆ. ಗೋಡೆಗೂ ಬೆನ್ನಿಗೂ ನಡುವೆ ಚೆಂಡನ್ನಿಟ್ಟು ಒರಗಿ ಭುಜದ ಗಂಟುಗಳನ್ನು ತಾವೇ ಒತ್ತಿಕೊಳ್ಳಬಹುದು.

ಕೊನೆಯ ದಿನಗಳಲ್ಲಿ

ಬದುಕು ಮುಗಿಯುತ್ತಿರುವವರಿಗೆ ಮಾಲೀಸು ಬೇಡ, ಕೈ ಸಾಕು. ಎಣ್ಣೆ, ಕ್ರಮ, ಹಂತಗಳೆಲ್ಲ ಇಲ್ಲಿ ಬಿದ್ದುಹೋಗುತ್ತವೆ. ತಾಯಿಯ ಕೊನೆಯ ವಾರದಲ್ಲಿ ಆ ದಾದಿಯೇ ಹೇಳಿಕೊಟ್ಟದ್ದನ್ನು ಇಲ್ಲಿ ದಾಖಲಿಸುತ್ತೇನೆ: ಅವರ ಕೈಯ ಮೇಲೆ ನಿಮ್ಮ ಕೈಯನ್ನು ಇಡಬೇಡಿ, ಕೆಳಗೆ ಇಡಿ. ಮೇಲಿಟ್ಟ ಕೈ ದುರ್ಬಲರಿಗೆ ಭಾರವಾಗುತ್ತದೆ, ಬೇಡವಾದಾಗ ಅದನ್ನು ಸರಿಸುವ ಶಕ್ತಿ ಅವರಿಗಿರುವುದಿಲ್ಲ. ಕೆಳಗಿಟ್ಟ ಕೈಯ ಮೇಲೆ ಅವರು ತಮ್ಮ ಕೈಯನ್ನು ಇರಗೊಡಬಹುದು, ಬೆರಳು ಮಡಚಿ ಹಿಡಿದುಕೊಳ್ಳಬಹುದು, ಸಾಕೆನಿಸಿದಾಗ ತುಸುವೇ ಹಿಂದಕ್ಕೆ ಎಳೆದುಕೊಳ್ಳಬಹುದು.